ದೊಡ್ಡ ಲೀಲಂಡನ ಮೊದಲ ಬಂದೂಕು

ನಿಮ್ಮಿಬ್ಬರಲ್ಲಿ ಮೊದಲು ಯಾರ ಅರ್ಜಿ ಕಳಿಸ್ಲಿ, ಒಂದೇ ಹೆಸರಿಂದು ಎರಡೂ ಒಟ್ಟಿಗೆ ಹೋದ್ರೆ ಆ ಕಡೆ ಕೂತವರಿಗೆ ತಲೆ ಕೆಡತ್ತೆ ಅಷ್ಟೆ, ಅಂದಳು ಬಂದೂಕಿನಂಗಡಿಯ ಡಾರ್ಲಾ, ಕನ್ನಡಕವನ್ನು ಹಣೆಗೇರಿಸಿಕೊಂಡು, ಜೂನಿಯರ್ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೋಲಿನ ತುದಿಯಿಂದ ಅವನ ಬೂಟಿಗೆ ತಟ್ಟಿ, ನಂದೇ ಕಳ್ಸಮ್ಮ, ಇವನಿಗಿಂತ ಮುಂಚೆ ಹುಟ್ಟಿದೋನು ನಾನು, ಅಂದುಬಿಟ್ಟ, ಬೂಟಿಗೆ ಬಿದ್ದ ಆ ಪೆಟ್ಟು ಜೂನಿಯರನ ಕಾಲಿನಿಂದ ಏರಿ ಸೀದಾ ಅವನ ಹನ್ನೆರಡನೆಯ ವಯಸ್ಸಿಗೆ ಹೋಗಿ ಮುಟ್ಟಿತು — ಅದೇ ಕೋಲು, ಹುಲ್ಲೆತ್ತುವ ಕವೆಗೋಲಿನ ಹಿಡಿ, ಸೊಂಟ ಮುರಿದ ಮೇಲೆ ಅಪ್ಪ ಅದನ್ನು ಕೊಯ್ದು ಊರುಗೋಲು ಮಾಡಿಕೊಂಡ, ಅದಕ್ಕೂ ಮುಂಚೆ ಅದು ಅಪ್ಪನ ಬಂದೂಕಾಗಿತ್ತು, ಹಳ್ಳದ ದಂಡೆಯಲ್ಲಿ ಅದನ್ನು ಭುಜಕ್ಕಿಟ್ಟುಕೊಂಡು ತೋರಿಸುತ್ತಿದ್ದ, ಕೆನ್ನೆ ಹೀಗೆ ಒರಗಿಸ್ಬೇಕು, ಉಸಿರು ಅರ್ಧ ಬಿಟ್ಟು ನಿಲ್ಲಿಸ್ಬೇಕು, ಬಂದೂಕಿನ ಕುದುರೆ ಎಳೀಬಾರ್ದು ಮಗಾ, ಮೆಲ್ಲಗೆ ಹಿಂಡ್ಬೇಕು, ನಿಜವಾದ ಬಂದೂಕು ಹುಡುಗನ ಕೈಯಲ್ಲಿ, ಅಪ್ಪ ಒಂದು ಹೆಜ್ಜೆ ಹಿಂದೆ, ಹುಡುಗನ ಬೆರಳು ಸರಿಮಾಡಬೇಕಾದರೂ ಕೋಲಿನ ತುದಿಯಿಂದಲೇ, ಹಿಡಿತ ತಪ್ಪಿದರೆ ಬೂಟಿಗೆ ಒಂದು ಪೆಟ್ಟು, ಕಬ್ಬಿಣಕ್ಕೆ ಮಾತ್ರ ಅವನ ಕೈ ತಾಕುವಂತಿಲ್ಲ, ಶಿಕ್ಷೆಯಾದವನು ಬಂದೂಕು ಮುಟ್ಟಬಾರದು ಅಂತ ಕಾನೂನು, ಮೈಲಿಗಟ್ಟಲೆ ಬರೀ ಹುಲ್ಲು, ಗಾಳಿ, ಯಾರು ನೋಡಬೇಕು ಅಲ್ಲಿ, ಆದರೂ ಅಪ್ಪ ಮುಟ್ಟಲಿಲ್ಲ, ಒಂದು ಸಲವೂ ಇಲ್ಲ, ಇವತ್ತು ಇಲ್ಲಿ, ಡಾರ್ಲಾಳ ಅಂಗಡಿಯ ಗಾಜಿನ ಕಟ್ಟೆಯ ಮೇಲೆ ಆಕ್ರೋಡು ಮರದ ಹಿಡಿಯ ಬಂದೂಕು ಉದ್ದಕ್ಕೆ ಮಲಗಿದೆ, ಅಪ್ಪನ ಕೈಗಳು ಈಗಲೂ ಕೋಲಿನ ಮೇಲೇ ಇವೆ, ಎಂಬತ್ತೆರಡರ ಕೈಗಳು, ಚುಕ್ಕಿ ಬಿದ್ದವು, ಕೇಳದೆ ಮುಟ್ಟಬೇಡ ಅಂತ ಯಾರೋ ಗದರಿಸಿ ಕೂರಿಸಿದ ಮಕ್ಕಳ ಹಾಗೆ.

ನಾಳೆ ಬೆಳಗಾದರೆ ಜಿಂಕೆ ಬೇಟೆಯ ಮೊದಲ ದಿನ, ಇಡೀ ಊರು ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಗುಡ್ಡ ಹತ್ತುತ್ತದೆ, ಈ ಸಲ ತಪ್ಪಿದರೆ ಮುಂದಿನ ಅಕ್ಟೋಬರಿಗೆ ಅಪ್ಪನ ಸೊಂಟ ಹತ್ತುತ್ತದೋ ಇಲ್ಲವೋ, ಒಪ್ಪಿಗೆ ಇವತ್ತೇ ಬರಬೇಕು, ಬರುತ್ತದೆಯೇ, ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ ಅಂದರೆ ಜೂನಿಯರನಿಗೆ ಹೊಸದಲ್ಲ, ಆ ಕಡೆಯ ಸರ್ಕಾರದವರು ಹೇಳುವುದು ಮೂರೇ ಮಾತು, ಮುಂದುವರಿಸಿ, ಅಥವಾ ತಡ, ಅಥವಾ ಇಲ್ಲ, ಗವರ್ನರ್ ಅಪ್ಪನಿಗೆ ಕ್ಷಮೆ ಕೊಟ್ಟ ವಿಷಯ ಅವರ ಯಂತ್ರಕ್ಕೆ ಗೊತ್ತಿದೆಯೋ, ಅಥವಾ ಅದರ ಹೊಟ್ಟೆಯಲ್ಲಿ ಇನ್ನೂ ಆ ಹಳೆಯ ಚಳಿಗಾಲವೇ ಕೂತಿದೆಯೋ, — ಅರ್ಜಿ ತುಂಬುವಾಗಲೇ ಅಪ್ಪನ ಪೆನ್ನು ಒಂದು ಪ್ರಶ್ನೆಯ ಹತ್ತಿರ ನಿಂತುಬಿಟ್ಟಿತ್ತು, ಯಾವತ್ತಾದರೂ ದೊಡ್ಡ ಅಪರಾಧಕ್ಕೆ ಶಿಕ್ಷೆಯಾಗಿದೆಯೇ, ಹೌದು, ಇಲ್ಲ, ಎರಡು ಚೌಕ, ಡಾರ್ಲಾ ಬಗ್ಗಿ, ಕ್ಷಮೆ ಸಿಕ್ಕಿದೆಯಲ್ಲ ಮಿಸ್ಟರ್ ಬ್ರೆಕ್, ಈಗ ಇಲ್ಲ ಅಂತಲೇ ಹಾಕ್ಬೇಕು, ಕಾನೂನೇ ಹಾಗನ್ನತ್ತೆ, ಅಂದಳು, ಅಪ್ಪ ಅಂದ, ಮಾಡಿದ್ದಂತೂ ಮಾಡಿದೀನಲ್ಲಮ್ಮ, ಕಾಫಿ ಪಾತ್ರೆಯ ಪಕ್ಕದ ಸ್ಟೂಲಿನಿಂದ ಅಪ್ಪನ ಗೆಳೆಯ ಎಮ್ಮೆಟ್ ಕೂಗಿದ, ಮಾಡ್ದೆ ಏನು, ನೀನು ಕದ್ದದ್ದು ನಮ್ಮಪ್ಪನ ಲಾರಿ ಕಣೋ, ಸಾಯೋವರೆಗೂ ಮರೀಲಿಲ್ಲ ಆತ, ಇಲ್ಲ ಅಂತ ಹಾಕೋ ಮುದುಕ, ನಿನ್ನ ಪರವಾಗಿ ರಾಜಧಾನಿ ಹೆಲೆನಾವರೆಗೂ ಹೋಗಿ ದೊಡ್ಡೋರ ಮುಂದೆ ಮಾತಾಡಿ ಬಂದಿದೀನಿ, ನನ್ನ ಮಾನ ಕಳೀಬೇಡ, — ಅಪ್ಪ ಇಲ್ಲ ಅಂತ ಗುರುತು ಹಾಕಿದ, ಎಷ್ಟು ನಿಧಾನವಾಗಿ ಹಾಕಿದ, ಹೊಲಿಗೆ ಹಾಕಿದ ಹಾಗೆ.

ಲಾರಿ ಅಂದರೆ ಕೌಂಟಿ ಸರ್ಕಾರದ ಲಾರಿ, ಮೂತಿಗೆ ಕಬ್ಬಿಣದ ರೆಕ್ಕೆ ಕಟ್ಟಿಕೊಂಡು ರಸ್ತೆಯ ಹಿಮ ಗೋರುವುದು, ಎಮ್ಮೆಟನ ಅಪ್ಪ ಅದರ ಚಾಲಕ, ಆ ಬೆಳಿಗ್ಗೆ ಆತ ಬೇಕರಿಗೆ ಕಾಫಿ ಕುಡಿಯಲು ಇಳಿದದ್ದೇ ತಡ ಇಪ್ಪತ್ತರ ಹುಡುಗ ಲೀಲಂಡ್ ಬ್ರೆಕ್, ಅಂದರೆ ಅಪ್ಪ, ಏರಿ ಕೂತ, ಹಿಂದಿನ ಸಂಜೆಯ ವಿಸ್ಕಿ ಇನ್ನೂ ಇಳಿದಿರಲಿಲ್ಲ, ಆಯೋಲಾಳ, ಮುಂದೆ ಅಮ್ಮನಾದವಳ, ಮನೆಯ ದಾರಿ ವಾರಗಟ್ಟಲೆ ಮುಚ್ಚಿಹೋಗಿತ್ತು, ಆ ಕಡೆ ಇರುವುದು ಅದೊಂದೇ ಮನೆ, ಕೌಂಟಿಗೆ ಅದು ಕೊನೆಯ ಲೆಕ್ಕ, ಹುಡುಗನಿಗೆ ಅದೊಂದೇ ಲೆಕ್ಕ, ರೆಕ್ಕೆ ಇಳಿಸಿದ, ಹೊರಟ, ಅಮ್ಮ ಇದನ್ನು ಹೇಳುವಾಗ ರೊಟ್ಟಿಯ ಹಿಟ್ಟು ನಾದುವ ಕೈ ನಿಲ್ಲಿಸುತ್ತಿದ್ದಳು, ಮಹಡಿ ಕಿಟಕೀಲಿ ನಿಂತಿದ್ದೆ ಕಣೋ, ಎಲ್ಲಿ ನೋಡಿದ್ರೂ ಬಿಳಿ, ಬೇಲಿನೂ ಕಾಣ್ತಿಲ್ಲ, ಆ ಬಿಳೀಲಿ ಒಂದು ಕಪ್ಪು ಗೆರೆ ನನ್ನ ಕಡೆ ಬರ್ತಾ ಇದೆ, ಯಾರೋ ಹಾಳೆ ಮೇಲೆ ಎಳೀತಾ ಬಂದ ಹಾಗೆ, ಗೆರೆಯ ಮುಂದೆ ಎರಡೂ ಪಕ್ಕ ಹಿಮ ಎದ್ದೆದ್ದು ಬೀಳ್ತಾ ಇದೆ, — ಮತ್ತೆ ಗೇಟಿನ ಕಂಬಕ್ಕೆ ಗುದ್ದಿದ ಸದ್ದು, ಅಮ್ಮನ ಅಪ್ಪ ಫೋನು ಎತ್ತಿದ, ಶೆರಿಫ್ ಬರೋದಕ್ಕೆ ದಾರೀನೂ ನಾನೇ ಮಾಡಿಟ್ಟಿದ್ದೆ ನೋಡು ಅಂತ ಅಪ್ಪ ನಗುತ್ತಿದ್ದ, ಲಾರಿ ಭಾರಿ ಬೆಲೆಯದು, ಹಾಗಾಗಿ ಕಳ್ಳತನವೂ ಭಾರಿಯದೇ ಆಯಿತು, ಜೈಲಾಯಿತು, ಆ ಗೋರಿದ ದಾರಿಯಲ್ಲಿ ಮಾರನೆಯ ದಿನವೇ ಹಾಲಿನ ಗಾಡಿ ಓಡಾಡಿತಂತೆ, ಶಾಲೆಯ ಬಸ್ಸು ಓಡಾಡಿತಂತೆ, ಪಾದ್ರಿಯೂ ಬಂದುಹೋದನಂತೆ, ಗೋರಿದವನು ಮಾತ್ರ ಒಳಗೆ, ಅಮ್ಮ ಕಾದಳು, ಅವಳಪ್ಪ ಬೇಡವೆಂದಷ್ಟೂ ಕಾದಳು.

ಆಮೇಲೆ ಹುಟ್ಟಿದ ಮಗನಿಗೆ ಅದೇ ಹೆಸರು ಇಟ್ಟಳಲ್ಲ, ಅಪ್ಪ ಬೇಡವೇ ಬೇಡ ಅಂದನಂತೆ, ಬೇರೆ ಯಾವುದಾದ್ರೂ ಇಡು ಆಯೋಲಾ, ನನ್ನ ಹೆಸರಿಗೆ ಮಸಿ ಹತ್ತಿದೆ, ಅಮ್ಮ ಅಂದಳಂತೆ, ಹತ್ತಿರೋದಕ್ಕೇ ಇಡ್ತಿರೋದು, ಈ ಊರಿನ ಬಾಯಲ್ಲಿ ಆ ಹೆಸರು ಒಳ್ಳೇದಕ್ಕೂ ಬರ್ಲಿ, — ಬಂತಮ್ಮ, ಶಾಲೆಯಲ್ಲಿ ಬಂತು, ಕುಸ್ತಿಯಲ್ಲಿ ಬಂತು, ಅಗ್ನಿಶಾಮಕ ದಳದಲ್ಲಿ ಬಂತು, ಈ ಕಟ್ಟೆಯ ಮುಂದೆ ಮಾತ್ರ ಬರಲಿಲ್ಲ, ಇಲ್ಲಿ ಲೀಲಂಡ್ ಬ್ರೆಕ್ ಅಂದ ಕೂಡಲೇ ಆ ಯಂತ್ರ ಅಪ್ಪನ ಲಾರಿಯನ್ನೇ ಎದುರಿಗೆ ತಂದು ನಿಲ್ಲಿಸುತ್ತದೆ, ಮೊದಲ ಸಲ ಡಾರ್ಲಾ ದನಿ ಇಳಿಸಿ, ತಡ ಅಂತ ಬಂದಿದೆ ಜೂನಿಯರ್, ಅಂದಾಗ ಹಿಂದೆ ಸಾಲಿನಲ್ಲಿದ್ದವರೆಲ್ಲ ತಮ್ಮ ಬೂಟು ನೋಡಿಕೊಂಡರು, ಮೊನ್ನೆ ಮೊನ್ನೆ ಊರಿಗೆ ಬಂದ ಯಾವನೋ ಅಂಗಡಿಯ ಕಾಫಿ ಆರುವ ಮುಂಚೆ ಬಂದೂಕು ಹೆಗಲಿಗೇರಿಸಿ ಹೊರಟುಹೋದ, ಜೂನಿಯರನಿಗೆ ಮೂರು ಕೆಲಸದ ದಿನ ಕಾಯುವುದು, ಅಷ್ಟರೊಳಗೆ ಆ ಕಡೆಯವರು ಇಲ್ಲ ಅನ್ನದಿದ್ದರೆ ಅಂಗಡಿಯವರು ಕೊಡಬಹುದು, ಕೊಟ್ಟರು, ಆದರೆ ಹೌದು ಅಂತ ಯಾರೂ ಹೇಳದೆ ಸಿಕ್ಕಿದ ವಸ್ತು ಅದು, ಕದ್ದದ್ದರ ಹಾಗೆ ಮೇಲಂಗಿಯ ಕೆಳಗೆ ಮುಚ್ಚಿಕೊಂಡು ಹೋಗಿದ್ದ, ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ, ಒಂದೊಂದು ರಾತ್ರಿ ಅಪ್ಪನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತು, ಬೆಳಿಗ್ಗೆ ಅಪ್ಪ ಬೆಕ್ಕಿಗೆ ಹಾಲಿಡುತ್ತ ಅದರ ಜೊತೆ ಹವಾಮಾನ ಮಾತಾಡುವುದನ್ನು ನೋಡಿದರೆ ಆ ಸಿಟ್ಟು ಎಲ್ಲಿ ಹೋಗುತ್ತಿತ್ತೋ, ಅಮ್ಮ ಹೋದ ಮೇಲೆ ಅಪ್ಪ ಜೂನಿಯರನ ಮನೆಗೇ ಬಂದ, ಅವನಿರುವ ಮನೆಯಲ್ಲಿ ಬಂದೂಕಿದ್ದರೆ ಕಾನೂನಿನ ಲೆಕ್ಕದಲ್ಲಿ ಅವನಿಗೇ ಅಪಾಯ ಅಂತ ಜೂನಿಯರ್ ಇದ್ದಬದ್ದದ್ದನ್ನೆಲ್ಲ ಅಕ್ಕನ ಮಗನಿಗೆ ಕೊಟ್ಟುಬಿಟ್ಟ, ಬೇಸರವಾಗಲಿಲ್ಲ ಅಂದರೆ ಸುಳ್ಳು, ಅಕ್ಟೋಬರಿನಲ್ಲಿ ಇಬ್ಬರೂ ಅಡುಗೆಮನೆಯ ಕಿಟಕಿಯಿಂದ ಊರಿನ ಪಿಕಪ್ಪುಗಳು ಗುಡ್ಡದ ಕಡೆ ಹೋಗುವುದನ್ನು ನೋಡುತ್ತ ಸೂಪು ಕುಡಿಯುತ್ತಿದ್ದರು, ಒಂದು ಸಲ ಅಪ್ಪ ಅಂದ, ಉಪ್ಪು ಕಡಿಮೆ ಇದೆ, ಅಷ್ಟೇ ಅಂದದ್ದು, ಆವತ್ತೇ ಜೂನಿಯರ್ ಗವರ್ನರಿಗೆ ಕ್ಷಮೆಯ ಅರ್ಜಿ ಬರೆಯಲು ಕೂತ.

ಕಳ್ಸಿದೀನಿ, ನಿಂದೂ ಕಳ್ಸಿಬಿಟ್ಟೆ ಜೂನಿಯರ್, ಇನ್ನು ಕೂತ್ಕೊಳ್ಳಿ, ಡೋನಟ್ ತಿನ್ನಿ, ಅಂದಳು ಡಾರ್ಲಾ, ಅಪ್ಪ ಕೂರಲಿಲ್ಲ, ಎಮ್ಮೆಟ್ ಒಂದು ಡೋನಟ್ಟನ್ನು ಕಾಫಿಗೆ ಅದ್ದಿ, ಇಷ್ಟು ವರ್ಷ ಕಾದೋನಿಗೆ ಇನ್ನೊಂದು ಗಳಿಗೆ ಏನಾಗತ್ತೆ, ಅಂದ, ಅಪ್ಪ, ಕಾಯೋದು ನಂಗೆ ಬರಲ್ಲ ಅನ್ನೋದಕ್ಕೇ ಅಲ್ವೇನೋ ನಿಮ್ಮಪ್ಪನ ಲಾರಿ ಹೋದದ್ದು, ಅಂದ, ಎಮ್ಮೆಟ್ ನಕ್ಕ ರಭಸಕ್ಕೆ ಡೋನಟ್ ಮುರಿದು ಲೋಟದೊಳಗೆ ಬಿತ್ತು, ಜೂನಿಯರನಿಗೆ ನಗು ಬರಲಿಲ್ಲ, ಹೊರಗೆ ಹಿಮ ಶುರುವಾಗಿದೆ, ವರ್ಷದ ಮೊದಲನೆಯದು, ಸಣ್ಣದು, ಕಿಟಕಿಯ ಆಚೆ ಪಿಕಪ್ಪಿನ ಮೂತಿ ಬಿಳಿಯಾಗುತ್ತಿದೆ, ಇಲ್ಲ ಅಂತ ಬಂದರೆ ಅಪ್ಪ ಏನು ಮಾಡುತ್ತಾನೆ, ಏನೂ ಮಾಡುವುದಿಲ್ಲ, ಟೋಪಿ ಸರಿಮಾಡಿಕೊಂಡು ಥ್ಯಾಂಕ್ಸ್ ಅಮ್ಮ ಅನ್ನುತ್ತಾನೆ, ಅದನ್ನು ನೋಡಲಾರೆ ದೇವರೇ, ಬೇಕಾದರೆ ನನಗೆ ಇಲ್ಲ ಅನ್ನಲಿ, ನನಗೆ ಬೇಕಾದಷ್ಟು ತಡ ಆಗಲಿ, — ಆ ಗಳಿಗೆಗೆ ಸರಿಯಾಗಿ ಡಾರ್ಲಾ ಕನ್ನಡಕ ಮೂಗಿಗಿಳಿಸಿ ಪರದೆಗೆ ಮುಖ ಕೊಟ್ಟು, ಬಂತು, ಅಂದಳು, ಲೀಲಂಡ್ ಬ್ರೆಕ್, ಮುಂದುವರಿಸಿ.

ಯಾವ ಲೀಲಂಡ್, ಅಂದ ಎಮ್ಮೆಟ್, ನನ್ನದೇ ಇರಬೇಕು ಅಂದುಕೊಂಡ ಜೂನಿಯರ್, ಮೂರು ಸಲ ಕಾಯಿಸಿ ಈಗ, ಇವತ್ತೇ, ಅಪ್ಪನ ಕಣ್ಣೆದುರಿಗೇ ನನಗೆ ಕೊಡಬೇಕಿತ್ತೇ, ಅಪ್ಪನೂ ಹಾಗೇ ತಿಳಿದ, ನೋಡಿದೆಯಾ ಮಗಾ, ಕೊನೆಗೂ ನಿಂಗೆ ಸಿಕ್ತು, ಅಂದ, ಮುಖ ಅರಳಿಸಿ, ನಿಜವಾಗಿಯೂ ಅರಳಿಸಿ, ಆ ಅರಳಿದ ಮುಖ ನೋಡಲಾಗದೆ ಜೂನಿಯರ್ ಕಿಟಕಿಯ ಕಡೆ ತಿರುಗಿದ, ಡಾರ್ಲಾ ಬೆರಳಿಟ್ಟು ಓದುತ್ತಿದ್ದಾಳೆ, ತಾಳಿ ತಾಳಿ, ಹುಟ್ಟಿದ್ದು, ಸಾವಿರದ ಒಂಬೈನೂರ — ನಲವತ್ತೊಂದು, ಅಂದಳು, ಆಮೇಲೆ ಅದನ್ನೇ ಗಟ್ಟಿಯಾಗಿ, ಅಂಗಡಿಯ ಆ ಮೂಲೆಗೂ ಕೇಳುವ ಹಾಗೆ, ನಲವತ್ತೊಂದು, ಮಿಸ್ಟರ್ ಬ್ರೆಕ್, ನೀವೇ, ನಿಮಗೇ ಬಂದಿರೋದು, ಜೂನಿಯರನ ಬಾಯಿಂದ ಹೊರಟದ್ದು ಮಾತಲ್ಲ, ಕುಸ್ತಿಯ ಅಂಕಣದಲ್ಲಿ ಕೂಗುತ್ತಿದ್ದ ಕೂಗು, ಎಮ್ಮೆಟ್ ಸ್ಟೂಲು ಉರುಳಿಸಿಕೊಂಡೇ ಎದ್ದ, ಎದ್ದು ಎಂಬತ್ತೆರಡರ ಮುದುಕನ ಬೆನ್ನಿಗೆ ಗುದ್ದಿದ, ನಮ್ಮಪ್ಪ ಇದ್ದಿದ್ರೆ ಇವತ್ತು ನಿಂಗೆ ಲಾರಿ ಬೀಗದ ಕೈಯೇ ಕೊಡ್ತಿದ್ದ ಕಣೋ, ಅಂದ, ಅಷ್ಟರಲ್ಲಿ ಪರದೆ ಇನ್ನೊಂದು ಸಲ ಮಿನುಗಿತು, ಡಾರ್ಲಾ ನೋಡಿದಳು, ಹಳೆಯ ಅಭ್ಯಾಸಕ್ಕೆ ದನಿ ಇಳಿಸಲು ಹೋದಳು, ಆಗಲಿಲ್ಲ, ನಗು ತಡೆಯಲಾರದೆ ಗಲ್ಲ ಕುಣಿಯತೊಡಗಿತು, ಜೂನಿಯರ್, ಅಂದಳು, ನಿಂದು ತಡ.

ಕದ್ದೋನು ಡೋನಟ್ ಮುಗಿಯೋದ್ರೊಳಗೆ ಪಾಸು, ದೇವರಂಥ ಮಗ ಮೂರು ದಿನ ಕಾಯ್ಬೇಕು, ಅಂದ ಎಮ್ಮೆಟ್ ಕಣ್ಣೊರೆಸಿಕೊಂಡು, ನಾಲ್ಕೂ ಜನ ನಕ್ಕರು, ಜೂನಿಯರ್ ಎಲ್ಲರಿಗಿಂತ ಹೆಚ್ಚು ನಕ್ಕ, ಗಾಜಿನ ಕಟ್ಟೆ ಹಿಡಿದುಕೊಂಡು ನಕ್ಕ, ಆ ಪದ ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು, ಇವತ್ತು ಯಾರೋ ಮಕ್ಕಳ ಕೈಗೆ ಕೊಟ್ಟ ಚೆಂಡಿನ ಹಾಗೆ ಅಂಗಡಿಯ ತುಂಬ ಪುಟಿಯುತ್ತಿದೆ, ತಡ, ತಡ, ಆಗಲಿ ಬಿಡು, ಅಮ್ಮಾ ಕೇಳಿದೆಯಾ, ನೀನಂದ ಹಾಗೇ ಆಯಿತು, ಹೆಸರು ಒಳ್ಳೆಯದಕ್ಕೆ ಬಂತು, ನನ್ನ ಕಡೆಯಿಂದಲ್ಲ, ಅವನ ಕಡೆಯಿಂದಲೇ ಬಂತು, ಡಾರ್ಲಾ ಬಂದೂಕನ್ನು ಅಪ್ಪನ ಮುಂದಕ್ಕೆ ಸರಿಸಿದಳು, ತಗೊಳ್ಳಿ, ಈಗ ಮುಟ್ಟಬಹುದು, ಅಪ್ಪನ ಕೈ ಏಳಲಿಲ್ಲ, ಜೂನಿಯರನ ಕಡೆ ನೋಡಿದ, ನಾಳೆ ಬರ್ತೀಯೇನೋ, ಬಂದೂಕಿಲ್ದೆ ಬಂದು ಏನ್ಮಾಡ್ಲಿ ಅಪ್ಪ, ಒಂದು ಹೆಜ್ಜೆ ಹಿಂದೆ ನಿಂತ್ಕೋ, ನಾನು ತಪ್ಪಿದ್ರೆ ತಟ್ಟು, ಅಂದು ಅಪ್ಪ ಕೋಲನ್ನು ಅವನ ಕೈಗೆ ಕೊಟ್ಟ, ಕೊಟ್ಟು ಎರಡೂ ಕೈಯಲ್ಲಿ ಬಂದೂಕನ್ನು ಎತ್ತಿದ, ತೂಗಿದ, ಗೋಡೆಯ ಮೇಲಿನ ಜಿಂಕೆಯ ಕೋಡಿನ ಕಡೆ ಹಿಡಿದು ಕೆನ್ನೆ ಒರಗಿಸಿದ, ಉಸಿರು ಅರ್ಧ ಬಿಟ್ಟ, ನಿಲ್ಲಿಸಿದ, ಹುಡುಗನಿಗೆ ಕಲಿಸಿದ್ದರಲ್ಲಿ ಒಂದು ಕೂದಲಷ್ಟೂ ವ್ಯತ್ಯಾಸವಿಲ್ಲ, ಕೋಲು ಜೂನಿಯರನ ಕೈಯಲ್ಲಿ ಬೆಚ್ಚಗಿದೆ, ಹಿಡಿಯ ಕಡೆ ನುಣ್ಣಗೆ, ತಟ್ಟುವುದಕ್ಕೆ ಏನೂ ಇರಲಿಲ್ಲ.

ಪೆಟ್ಟಿಗೇಲಿ ಹಾಕಿಕೊಡ್ಲಾ, ಅಂದಳು ಡಾರ್ಲಾ, ಬೇಡಮ್ಮ, ಹೀಗೇ ಹಿಡ್ಕೊಂಡು ಹೋಗ್ತೀನಿ, ಊರು ನೋಡ್ಲಿ, ಅಂದ ಅಪ್ಪ, ಎಮ್ಮೆಟ್ ಬಾಗಿಲು ತೆರೆದು ಹಿಡಿದ, ಅಪ್ಪ ಮುಂದೆ, ಕೋಲಿಲ್ಲದೆ, ಬಂದೂಕನ್ನು ಎದೆಗೆ ಅಡ್ಡ ಹಿಡಿದು, ಮುರಿದು ಕೂಡಿದ ಸೊಂಟದ ಕಾಲನ್ನು ಎತ್ತಿಡಲಾಗದೆ ಎಳೆದುಕೊಂಡು, ಅಂಗಳದ ತುಂಬ ಹೊಸ ಹಿಮ, ಇನ್ನೂ ಯಾರೂ ತುಳಿದಿಲ್ಲ, ಜೂನಿಯರ್ ಕೈ ಕೊಡಲೆಂದು ಹೊಸ್ತಿಲಿಗೆ ಬಂದವನು ಅಲ್ಲೇ ನಿಂತ, ನಾಳೆ ಥರ್ಮಾಸಿಗೆ ಸೂಪು, ಉಪ್ಪು ಸರಿಯಾಗಿ, ಅಪ್ಪನಿಗೆ ಕಿತ್ತಳೆ ಅಂಗಿ ಕೊಳ್ಳಬೇಕು, ಅವನ ಹತ್ತಿರ ಇಲ್ಲವೇ ಇಲ್ಲ, ಯಾವತ್ತೂ ಇರಲಿಲ್ಲ, ಕೊಳ್ಳಬೇಕು, ಈಗಲೇ ಕೇಳ — ಎಳೆದ ಕಾಲಿನ ಹಿಂದೆ ಹಿಮ ಎರಡೂ ಪಕ್ಕಕ್ಕೆ ಸರಿದಿದೆ, ಅಂಗಡಿಯ ಬಾಗಿಲಿನಿಂದ ಪಿಕಪ್ಪಿನವರೆಗೆ, ಅಷ್ಟು ಬಿಳಿಯ ನಡುವೆ, ಎಲ್ಲೂ ಕಡಿಯದೆ, ಒಂದು ಕಪ್ಪು ಗೆರೆ.