ಅಣ್ಣನ ಹೆಸರಿನ ಪ್ಲಾಟಿನಂ

ಪ್ಯಾಕಿಂಗ್ ವಿಭಾಗದ ಆಟದ ತಂಡಕ್ಕೆ ಕ್ಯುಹೋನನ್ನು ಆರಿಸಿದರು. ಆಯ್ಕೆಯ ಪಂದ್ಯಗಳನ್ನು ಆಡಿದ್ದು ಅವನ ತಂಗಿ ಓಕ್‌ಜು.

ಗುಮಿ ಪಟ್ಟಣದ ಆ ಕಾರ್ಖಾನೆಯಲ್ಲಿ ಫೋನಿನ ಗಾಜು ಒರೆಸಿ, ಪೊರೆ ಅಂಟಿಸಿ ಡಬ್ಬಿಗಿಳಿಸುವ ಕೆಲಸ ಇಬ್ಬರದೂ. ಇಬ್ಬರೂ ಗುತ್ತಿಗೆಯವರು. ಗುರುತಿನ ಚೀಟಿ ತೂಗುವ ಕೊರಳಪಟ್ಟಿ ಗುತ್ತಿಗೆಯವರದು ಬೂದು, ಕಾಯಂ ಆದವರದು ನೀಲಿ. ಊಟದ ಸಾಲಿನಲ್ಲಿ ನೀಲಿ ಮುಂದೆ, ಬೂದು ಹಿಂದೆ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಆ ವಸಂತದಲ್ಲಿ ಆಡಳಿತದವರಿಗೆ ಇದ್ದಕ್ಕಿದ್ದಂತೆ ಕಾರ್ಮಿಕರ ಮನರಂಜನೆಯ ನೆನಪಾಯಿತು. ವಿಭಾಗಕ್ಕೊಂದರಂತೆ ಐದೈದು ಜನರ ತಂಡ ಕಟ್ಟಿ ಕಂಪ್ಯೂಟರ್ ಆಟದ ಪಂದ್ಯಾವಳಿ ಮಾಡಿ ಎಂದರು. ಗೆದ್ದ ತಂಡದ ಬೂದುಪಟ್ಟಿಯವರನ್ನು ನೀಲಿಗೆ ಏರಿಸುವ ವಿಷಯ ಪರಿಶೀಲಿಸುತ್ತೇವೆ ಎಂಬ ಮಾತನ್ನೂ ತೇಲಿಬಿಟ್ಟರು. ಇದು ಮೂಗಿಗೆ ಸವರುವ ತುಪ್ಪ ಎಂದು ಹಳಬರಿಗೆ ಗೊತ್ತಿತ್ತು. ಆದರೂ ವಾಸನೆ ಎಲ್ಲರಿಗೂ ಬಡಿಯಿತು.

ಷರತ್ತು ಒಂದೇ. ಆಡುವವರ ಖಾತೆ, ಗೆದ್ದಂತೆ ದರ್ಜೆ ಏರುವ ರ್‍ಯಾಂಕ್ ಆಟದಲ್ಲಿ ಚಿನ್ನದ ದರ್ಜೆಗಿಂತ ಕೆಳಗಿರಬಾರದು. ಕ್ಯುಹೋನ ಖಾತೆ ಚಿನ್ನವನ್ನೂ ದಾಟಿ ಪ್ಲಾಟಿನಂನಲ್ಲಿತ್ತು. ಕ್ಯುಹೋಗೆ ಮಾತ್ರ ಆ ಆಟದ ತಲೆಬುಡ ತಿಳಿಯದು.

ಓಕ್‌ಜು ಹದಿನಾಲ್ಕರವಳಿದ್ದಾಗ ದೇಶದಲ್ಲೊಂದು ಕಾನೂನಿತ್ತು. ನಡುರಾತ್ರಿಯಾದರೆ ಸಣ್ಣ ಮಕ್ಕಳ ಆಟ ತಾನಾಗಿಯೇ ಕಡಿದುಹೋಗುತ್ತಿತ್ತು. ಶಾಲೆ, ಶಾಲೆಯ ಮೇಲೆ ಟ್ಯೂಷನ್ ಮುಗಿಸಿ ಮನೆ ಸೇರುವುದರಲ್ಲೇ ಆ ಹೊತ್ತು ಬಂದಿರುತ್ತಿತ್ತು. ಹಾಗಾಗಿ ಎಲ್ಲ ಮಕ್ಕಳೂ ಮಾಡಿದ್ದನ್ನೇ ಅವಳೂ ಮಾಡಿದಳು. ಖಾತೆ ತೆರೆಯುವಾಗ ಮನೆಯ ದೊಡ್ಡವರೊಬ್ಬರ ಗುರುತಿನ ಸಂಖ್ಯೆ ಕೊಟ್ಟಳು. ಅವಳ ತರಗತಿಯ ಎಷ್ಟೋ ಮಕ್ಕಳು ಅಜ್ಜಿಯ ಸಂಖ್ಯೆ ಕೊಟ್ಟಿದ್ದರು. ಗೊರಕೆ ಹೊಡೆಯುತ್ತಿದ್ದ ಅಜ್ಜಿಯರೆಲ್ಲ ಖಾತೆಯ ಲೆಕ್ಕದಲ್ಲಿ ಕತ್ತಿ ಝಳಪಿಸುತ್ತಿದ್ದರು. ಓಕ್‌ಜು ಅಣ್ಣನ ಸಂಖ್ಯೆ ಕೊಟ್ಟಳು, ಅಣ್ಣನ ಹೆಸರನ್ನೇ ಇಟ್ಟಳು. ಕೈಗೆ ಬಂದದ್ದು ಒತ್ತಿದಳು, ಅಷ್ಟೆ. ಒಂದು ಹೆಸರಿನ ಬೆಲೆ ಆ ವಯಸ್ಸಿಗೆ ಎಲ್ಲಿಂದ ತಿಳಿಯಬೇಕು!

ರ್‍ಯಾಂಕ್ ಆಟಕ್ಕೆ ಕಾಲಿಟ್ಟ ಮೊದಲ ದಿನ ಅವಳಿಗೆ ಒಬ್ಬನೇ ವೀರನನ್ನು ಆಡಿಸಲು ಬರುತ್ತಿತ್ತು. ಅವನನ್ನು ಎದುರು ತಂಡದವರು ಮೊದಲೇ ಆರಿಸಿಕೊಂಡರು. ಅವಳು ನಿಂತಲ್ಲೇ ನಿಂತಳು. "ಮೌಸ್ ಹಿಡಿಯೋದು ಕಲಿಸೋಕೂ ನಿಮ್ಮಮ್ಮಂಗೆ ಪುರುಸೊತ್ತಿರಲಿಲ್ವೇನೋ?" ಎಂದು ಜೊತೆಯವನೊಬ್ಬ ಬರೆದ. ಸೋತಳು. ತೀರ ಕೆಳಗಿನ ಕಬ್ಬಿಣದ ದರ್ಜೆಯಲ್ಲಿ ಬಿದ್ದುಕೊಂಡು, ಯಾರಿಗೂ ಬೇಡವಾದ ಕೆಲಸವೊಂದನ್ನು ಕಲಿತಳು. ನಕ್ಷೆಯ ಕತ್ತಲ ಮೂಲೆಗಳಲ್ಲಿ ದೀಪ ನೆಡುವುದು, ವೈರಿ ಯಾವ ಪೊದೆಯಿಂದ ಬರುತ್ತಾನೆಂದು ಮೊದಲೇ ಕೂಗಿ ಹೇಳುವುದು, ಕೊಲ್ಲುವವನ ಬೆನ್ನು ಕಾಯುವುದು. ಕೊಂದ ಲೆಕ್ಕ ಅವಳ ಹೆಸರಿಗೆ ಬೀಳುತ್ತಿರಲಿಲ್ಲ, ಪಂದ್ಯ ಮಾತ್ರ ಗೆಲ್ಲುತ್ತಿತ್ತು. ಕಂಚು, ಬೆಳ್ಳಿ, ಚಿನ್ನ ದಾಟಿದಳು. ಮಾತಾಡುವ ಮೈಕ್ ಹಾಕದೆ, ಬರೆದೇ ಆಡುತ್ತಿದ್ದಳು. "ಕ್ಯುಹೋ ಅಣ್ಣ ಇದ್ರೆ ಭಯ ಇಲ್ಲ ಕಣ್ರೋ" ಎಂದು ಕಾಣದ ಹುಡುಗರು ಬರೆದಾಗ ಅವಳಿಗೆ ಖುಷಿಯಾಗುತ್ತಿತ್ತು. ಆ ಖುಷಿಯನ್ನು ನೆನೆದರೆ ಈಗ ಮೈ ಕುಗ್ಗುತ್ತದೆ.

ಯಾಕೆಂದರೆ ದಾಸೋಲ್ ಇದ್ದಳು.

ದಾಸೋಲ್ ಅವಳ ಶಾಲೆಯ ಗೆಳತಿ. ಸ್ಟೇಷನ್ ಹಿಂದಿನ ಪಿಸಿ ಬಾಂಗ್‌ನಲ್ಲಿ ಗಂಟೆಯ ಲೆಕ್ಕಕ್ಕೆ ಕಂಪ್ಯೂಟರ್ ಹಿಡಿದು ಇಬ್ಬರೂ ಪಕ್ಕಪಕ್ಕ ಕೂತು ಜೋಡಿಯಾಗಿ ಆಡುತ್ತಿದ್ದರು. ಬಿಲ್ಲು ಹಿಡಿದವಳು ದಾಸೋಲ್, ಬೆನ್ನು ಕಾಯುವವಳು ಓಕ್‌ಜು. ಒಂದು ಶನಿವಾರ ದಾಸೋಲ್ ತಡೆಯಲಾರದೆ ಮೈಕ್ ತೆರೆದು, "ಹಿಂದೆ ಬನ್ರೋ, ಸಾಯ್ತೀರಾ!" ಎಂದು ಕೂಗಿಬಿಟ್ಟಳು. ಜೊತೆ ಆಡುತ್ತಿದ್ದವರಿಗೆಲ್ಲ ಕೇಳಿಸಿತು. ಆಮೇಲೆ ಶುರುವಾಯಿತು.

"ಅಯ್ಯೋ, ಹುಡುಗಿ!"

"ಯಾರ ಬಸ್ ಹತ್ಕೊಂಡು ಚಿನ್ನದ ತನಕ ಬಂದ್ಯಮ್ಮಾ? ಟಿಕೆಟ್ ತಗೊಂಡಿದ್ಯಾ?"

"ಒಲೆ ಮೇಲೆ ಸಾರು ಉಕ್ತಿರಬೇಕು, ಹೋಗಿ ನೋಡು."

ಅದಕ್ಕಿಂತ ಕೊಳಕಾದದ್ದೂ ಬಂತು. ಕೊನೆಗೆ ಒಬ್ಬ ಕೇಳಿದ: "ಕ್ಯುಹೋ ಅಣ್ಣಾ, ನಿನ್ನ ಜೋಡಿ ಅಲ್ವಾ ಇವಳು? ನಿನ್ನ ಹುಡುಗಿನಾ?"

ಓಕ್‌ಜುವಿನ ಬೆರಳು ಕೀಲಿಗಳ ಮೇಲೆ ನಿಂತವು. ಚಿನ್ನದಿಂದ ಪ್ಲಾಟಿನಂಗೆ ಏರಲು ಅದೇ ಪಂದ್ಯ ಬಾಕಿ. ಬರೆದಳು: "ಗೊತ್ತಿಲ್ಲ. ಅವಳ ದನಿ ಮುಚ್ಚಿ ಆಡಿ."

ಪಕ್ಕದ ಪರದೆಯಲ್ಲಿ ಆ ಸಾಲು ಮೂಡಿತು. ದಾಸೋಲ್ ಓದಿದಳು. ಪಂದ್ಯ ನಡುವೆ ಬಿಡಲಿಲ್ಲ. ತನ್ನ ಬಾಣವೆಲ್ಲ ಸುರಿದು ಗೆಲ್ಲಿಸಿಯೇ ಎದ್ದಳು. ಹೆಡ್‌ಫೋನ್ ಕಳಚಿ ಕೊಕ್ಕೆಗೆ ಹಾಕಿ, ಜಾಕೆಟ್ ತೊಟ್ಟು ಹೋದಳು. ಅವಳು ತರಿಸಿದ್ದ ರಾಮ್ಯಾನ್ ನೂಡಲ್ಸ್ ಮುಚ್ಚಳ ತೆರೆಯದೆ ಅಲ್ಲೇ ಊದಿಕೊಂಡಿತು. ಓಕ್‌ಜುವಿನ ಪರದೆಯಲ್ಲಿ ಪ್ಲಾಟಿನಂ ಹೊಳೆಯಿತು, ಕ್ಯುಹೋನ ಹೆಸರಿನ ಕೆಳಗೆ.

ಅದೇ ಖಾತೆಯಿಂದ ಈಗ ಅಣ್ಣ ತಂಡ ಸೇರಿದ್ದ. ಆಯ್ಕೆಗೆ ಎಲ್ಲರೂ ಅವರವರ ಮನೆಯಿಂದಲೇ ಆಡಿದ್ದರಿಂದ ಕೈ ಯಾರದೆಂದು ಕಂಡವರಿಲ್ಲ. ಓಕ್‌ಜು ಪಟ್ಟಿಯಲ್ಲಿ ಅಣ್ಣನ ಹೆಸರು ಕಂಡದ್ದೇ ನೇರ ಮೇಸ್ತ್ರಿ ತಾಕ್ ಬಳಿ ಹೋದಳು. ತಂಡದ ನಾಯಕನೂ ಅವನೇ.

"ಆಡಿದ್ದು ನಾನು ಸರ್. ನನ್ನ ಹೆಸರು ಹಾಕಿ."

ತಾಕ್ ಕಾಫಿ ಲೋಟ ಇಳಿಸದೆ ನಕ್ಕ. "ಗೊತ್ತಮ್ಮ. ನಿಮ್ಮಣ್ಣ ಡಬ್ಬಿ ಮುಚ್ಚೋ ಚುರುಕು ನೋಡಿದೀನಲ್ಲ, ಅವನ ಕೈಯಲ್ಲಾಗುತ್ತಾ ಅದು? ಅದಕ್ಕೇನೀಗ? ಹೆಸರು ಅವನ್ದು, ಕೈ ನಿಂದು. ಮನೇಲೇ ಉಳೀತಲ್ಲ! ಪಂದ್ಯದ ದಿನ ಅವನು ಗುರುತಿನ ಚೀಟಿ ತೋರಿಸಿ ಫೋಟೋ ತೆಗೆಸ್ಕೊಳ್ಳಲಿ. ಆಮೇಲೆ ನೀನು ಕೂತ್ಕೋ."

"ಆಡೋದು ನಾನಾದ್ರೆ ಹೆಸರೂ ನಂದೇ ಇರ್ಬೇಕು."

"ಖಾತೆ ನಿನ್ನ ಹೆಸರಲ್ಲಿದ್ಯಾ? ಇಲ್ವಲ್ಲ. ನಿನ್ನ ಹೆಸರಲ್ಲಿ ಚಿನ್ನ ತಗೊಂಡು ಬಾ, ಹಾಕ್ತೀನಿ. ಬೇಡ ಅಂದೋರು ಯಾರು?"

ಅವಳು ಆ ಸಂಜೆಯೇ ತನ್ನ ಸಂಖ್ಯೆ ಕೊಟ್ಟು, ತನ್ನ ಹೆಸರಿಟ್ಟು ಹೊಸ ಖಾತೆ ತೆರೆದಳು. ಹೊಸಬರಿಗೆ ರ್‍ಯಾಂಕ್ ಬಾಗಿಲು ತೆರೆಯುವುದಿಲ್ಲ. ವಾರಗಟ್ಟಲೆ ಸಾದಾ ಆಟದಲ್ಲಿ ಎಳೆಯ ಮಕ್ಕಳ ಜೊತೆ ಓಡಾಡಿ ಮಟ್ಟ ಬೆಳೆಸಬೇಕು. ಆಮೇಲೆ ದರ್ಜೆ ಅಳೆಯುವ ಪಂದ್ಯಗಳು. ಅದಕ್ಕೆ ಜೋಡಿ ಬೇಕೆನಿಸಿತು. ಜೋಡಿಯೆಂದರೆ ಅವಳಿಗೆ ತಿಳಿದಿದ್ದುದು ಒಂದೇ ಹೆಸರು.

ದಾಸೋಲ್ ಕೋಳಿ ಕರಿಯುವ ಅಂಗಡಿಯಲ್ಲಿದ್ದಳು. ಕೂದಲು ಕತ್ತರಿಸಿದ್ದಳು, ಮೊಣಕೈವರೆಗೆ ಎಣ್ಣೆ ಸಿಡಿದ ಚುಕ್ಕೆಗಳು. ಓಕ್‌ಜುವನ್ನು ಕಂಡು ಜಾಲರಿ ಕೊಡವಿದಳು.

"ಓಹೋ, ಕ್ಯುಹೋ ಅಣ್ಣ! ಏನು ಕೊಡ್ಲಿ? ಅರ್ಧ ಖಾರ, ಅರ್ಧ ಸಾದಾನಾ?"

"ದಾಸೋಲ್, ಅವತ್ತಿಂದು..."

"ಖಾರ ಜಾಸ್ತಿನಾ, ಕಮ್ಮಿನಾ?"

"ತಪ್ಪಾಯ್ತು ಕಣೆ. ಕ್ಷಮಿಸು."

"ಯಾರು ಕೇಳ್ತಿರೋದು? ಕ್ಯುಹೋ ಆದ್ರೆ ನಂಗವನು ಗೊತ್ತಿಲ್ಲ. ಓಕ್‌ಜು ಆದ್ರೆ, ಅವಳು ಅವತ್ತು ಆ ಆಟದಲ್ಲಿರ್ಲೇ ಇಲ್ಲ."

ಓಕ್‌ಜು ಹೊಸ ಖಾತೆಯ ಮಾತು ತೆಗೆದಳು. ಜೋಡಿಯಾಗಿ ಬಾ, ಈ ಸಲ ನಾನೂ ಮೈಕ್ ಹಾಕುತ್ತೇನೆ ಎಂದಳು. ದಾಸೋಲ್ ಕೋಳಿಯ ತುಂಡುಗಳನ್ನು ಎಣ್ಣೆಗೆ ಇಳಿಬಿಟ್ಟಳು. ಸದ್ದು ಇಳಿಯುವವರೆಗೂ ಜಾಲರಿ ಅಲ್ಲಾಡಿಸಿದಳು.

"ನಾನು ಆಟ ಬಿಟ್ಟೆ ಕಣೆ. ಆ ಹುಡುಗರ ಬಾಯಿಗೆ ಹೆದರಿ ಅಲ್ಲ. ಅವರದು ನಾಲ್ಕು ದಿನ, ಮರ್ತುಹೋಗುತ್ತೆ. ನೀನು ಬರೆದಿದ್ದು ಮರೆಯೋಕಾಗ್ಲಿಲ್ಲ. ಒಬ್ಬಳೇ ಆಡು. ಮೈಕ್ ಹಾಕ್ಕೊಂಡು ಆಡು. ಆಗ ಗೊತ್ತಾಗುತ್ತೆ."

ಹೊರಡುವಾಗ ಕೋಳಿಯ ಪೊಟ್ಟಣ ಕೈಗಿಟ್ಟಳು. "ಬಿಸಿ ಇದೆ, ಹುಷಾರು" ಎಂದಳು; ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆಯೇ.

ಓಕ್‌ಜು ಒಬ್ಬಳೇ ಆಡಿದಳು. "ಎಡಗಡೆ ಪೊದೇಲಿ ಇಬ್ಬರಿದಾರೆ, ಹೋಗ್ಬೇಡಿ" ಎಂದು ಬಾಯಿಬಿಟ್ಟು ಹೇಳಿದಳು. ಕ್ಯುಹೋ ಬರೆದಾಗ ಗಪ್‌ಚಿಪ್ಪಾಗಿ ಹಿಂದೆ ಸರಿಯುತ್ತಿದ್ದ ಅದೇ ಜಾತಿಯ ಗಂಡುಗಳು, ಹೆಣ್ಣುದನಿ ಕೇಳಿದ್ದೇ ತಡ, ಬೇಕೆಂದೇ ಪೊದೆಗೆ ನುಗ್ಗಿ ಸತ್ತರು. ಸತ್ತು ಅವಳನ್ನೇ ಬೈದರು. ಬಸ್ಸು, ಟಿಕೆಟ್ಟು, ಒಲೆ, ಸಾರು ಎಲ್ಲ ಬಂತು. ಒಬ್ಬನಂತೂ ಆಟ ನಿಲ್ಲಿಸಿ, "ಅಣ್ಣಾ ಅಂತ ಮುದ್ದಾಗಿ ಕರಿ, ಆಗ ಆಡ್ತೀನಿ" ಎಂದು ತಂಡದ ಕೋಟೆಯೊಳಗೆ ಸುಮ್ಮನೆ ನಿಂತುಬಿಟ್ಟ. ಅವಳು ಕರೆಯಲಿಲ್ಲ. ಸೋತಳು. ಪ್ರತಿ ಸೋಲಿನಲ್ಲೂ ಅವಳಿಗೆ ಪಕ್ಕದ ಕುರ್ಚಿಯೇ ನೆನಪಾಗುತ್ತಿತ್ತು. ತಾನು ಇಷ್ಟು ದಿನ ಹತ್ತಿದ್ದು ಮೆಟ್ಟಿಲು ಎಂದುಕೊಂಡಿದ್ದಳು. ಹೆಗಲಿನ ಮೇಲೆ ಕಾಲಿಟ್ಟು ಹತ್ತಿದ್ದೆ ಎಂದು ಈಗ ಅರಿವಿಗೆ ಬಂತು. ಆ ಹೆಗಲು ಎಷ್ಟು ನೊಂದಿರಬೇಕೆಂದು ಕೇಳುವ ಹಕ್ಕೂ ಉಳಿದಿರಲಿಲ್ಲ.

ಅಳತೆಯ ಪಂದ್ಯಗಳು ಮುಗಿದಾಗ ಪರದೆಯಲ್ಲಿ ಕಂಚು ಬಂತು. ಕಣ್ಣು ಅದೇ, ಕೈ ಅದೇ. ಅಣ್ಣನ ಹೆಸರಿದ್ದರೆ ಪ್ಲಾಟಿನಂ, ಅವಳ ಹೆಸರಿದ್ದರೆ ಕಂಚು.

"ಕಂಚಾ!" ತಾಕ್ ಊಟದ ಮನೆಗೆಲ್ಲ ಕೇಳುವಂತೆ ನಕ್ಕ. "ಕೇಳ್ರಪ್ಪೋ, ನಮ್ಮ ಓಕ್‌ಜು ಕಂಚಿನ ಪಾತ್ರೆ ತಂದವ್ಳೆ, ಕಿಮ್ಚಿ ಹಾಕಿಡೋಣ."

ಪಂದ್ಯದ ದಿನ ಮಧ್ಯಾಹ್ನ ಅದೇ ಸ್ಟೇಷನ್ ಹಿಂದಿನ ಪಿಸಿ ಬಾಂಗ್‌ನಲ್ಲಿ ಎಲ್ಲ ಸೇರಿದರು. ಆಡಳಿತದ ಹುಡುಗನೊಬ್ಬ ಗುರುತಿನ ಚೀಟಿ ನೋಡಿ, ಫೋಟೋ ತೆಗೆದು, ಬಾಗಿಲ ಬಳಿಯ ಮೇಜಿಗೆ ಹಿಂದಿರುಗಿದ. ಫೋಟೋದಲ್ಲಿ ಕ್ಯುಹೋ ಎರಡು ಬೆರಳೆತ್ತಿ ನಕ್ಕಿದ್ದ. ಆಮೇಲೆ ಕುರ್ಚಿ ಬಿಟ್ಟೆದ್ದು ತಂಗಿಯನ್ನು ಮೂಲೆಗೆ ಕರೆದ. ಕತ್ತಿನ ಬೂದುಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ಇದೊಂದ್ಸಲ ಕಣೆ. ನಾನು ಕಾಯಂ ಆದ್ರೆ ಮನೇಗೇ ಅಲ್ವಾ? ಅಪ್ಪನ್ನೇ ನೋಡು. ಕುಡಿದೋರ ಕಾರು ಬದಲಿ ಓಡಿಸಿ ಅವರವರ ಮನೆ ಮುಟ್ಟಿಸಿ ಬರ್ತಾರೆ. ಕಾರು ನಂದು ಅಂತಾರಾ?"

"ಅಪ್ಪನ್ನ ಕಾರಿನೋರು ಹಿಂದಿನ ಸೀಟಲ್ಲಿ ಅಡಗಿಸಿಡಲ್ಲ ಅಣ್ಣ."

"ನಾನೇನು ನಿನ್ನ ಅಡಗಿಸ್ತಿದೀನಾ?" ಎಂದ ಕ್ಯುಹೋ. ಹೇಳಿ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ. ಅವಳಿಗೆ ಜ್ವರ ಬಂದಾಗ ಅವಳ ಸಾಲಿನ ಡಬ್ಬಿಗಳನ್ನೂ ತಾನೇ ಮುಚ್ಚಿದವನು. ಬೂದುಪಟ್ಟಿಯ ಹಿಂದೆ ಅವನ ಕತ್ತು ಸಣ್ಣಗೆ ಕೆಂಪಾಗಿತ್ತು.

"ಮಾತು ಸಾಕು, ಬಾ!" ತಾಕ್ ಕರೆದ. ತಂಡದ ಉಳಿದ ಮೂವರೂ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕಾಯುತ್ತಿದ್ದರು. ಪರದೆಯಲ್ಲಿ ವೀರರನ್ನು ಆರಿಸುವ ಗಡಿಯಾರ ಇಳಿಯುತ್ತಿತ್ತು. "ಕ್ಯುಹೋ ಹೆಸರಲ್ಲಿ ಒಳಗೆ ಹೋಗಿದೆ, ಬರೀ ಕೂತ್ಕೊಂಡು ಒತ್ತೋದು. ಮೈಕ್ ಕಿತ್ತಿಟ್ಟಿದೀನಿ. ಏನಿದ್ರೂ ಬರಿ, ಬಾಯಿ ಬಿಡ್ಬೇಡ."

ಓಕ್‌ಜು ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಳು. ಆ ಶನಿವಾರ ನಾನು ಕ್ಯುಹೋ ಅಲ್ಲ ಎಂದಿದ್ದರೆ ಒಂದು ಪಂದ್ಯ ಕೈತಪ್ಪುತ್ತಿತ್ತು, ಅಷ್ಟೆ. ಇಂದು ಹಾಗೆಂದರೆ ಅಣ್ಣನ ನೀಲಿಪಟ್ಟಿ ಹೋಗುತ್ತದೆ, ನಾಳೆ ತನ್ನ ಬೂದುಪಟ್ಟಿಯೂ ಉಳಿಯಲಿಕ್ಕಿಲ್ಲ. ಹೇಳದೆ ಇಟ್ಟುಕೊಂಡಷ್ಟೂ ಆ ಒಂದು ಮಾತು ತುಟ್ಟಿಯಾಗುತ್ತಾ ಬಂದಿತ್ತು. ಹೇಳಬೇಕಾದಾಗ ಹೇಳಿದ್ದರೆ ಕೇಳಿಸಿಕೊಳ್ಳಲು ಪಕ್ಕದಲ್ಲಿ ಒಬ್ಬಳಿದ್ದಳು. ಈಗ ಹೇಳಿದರೆ ಅವಳಿಗೆ ತಿಳಿಯುವುದೂ ಇಲ್ಲ.

"ಓಕ್‌ಜು, ಗಡಿಯಾರ ನೋಡು. ಕೂತ್ಕೋ."

"ಕೂರಲ್ಲ ಸರ್."

"ಏನಂದೆ?"

ಬಾಗಿಲ ಬಳಿಯ ಹುಡುಗ ಇತ್ತ ತಿರುಗಿದ. ಕ್ಯುಹೋ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು, ಒರಟಾಗಿ ಅಲ್ಲ.

"ಓಕ್‌ಜು ಆಡ್ಲಿ ಅಂದ್ರೆ ಈಗ್ಲೇ ಕೂರ್ತೀನಿ. ಕಂಚಾದ್ರೂ ಸರಿ, ಮೈಕ್ ಹಾಕಿಕೊಡಿ. ಕ್ಯುಹೋ ಆಗಿ ನಾನು ಆಡಲ್ಲ."

"ಕೂತ್ಕೋ ಅಂದೆ!"

"ಆಡಲ್ಲ," ಎಂದಳು ಓಕ್‌ಜು.