ಅಳಿಸಿಹೋದ ನಾಲ್ಕು ವಯಸ್ಸು

ಯಾರಾದರೂ ಬುದ್ಧಿ ಹೇಳಿದರೆ ನನಗೆ ಮೈ ಉರಿಯುತ್ತದೆ. ಈ ಗುಣದಿಂದ ಎಷ್ಟೋ ಕಡೆ ಪೆಟ್ಟು ತಿಂದಿದ್ದೇನೆ. ೧೯೯೯ರ ಆಗಸ್ಟಿನಲ್ಲಿ ತಿಂದದ್ದು ಮಾತ್ರ ಇಂದಿಗೂ ನೋಯುತ್ತದೆ.

ಆಗ ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ಪಾಸಮ್: ಬೆಕ್ಕಿನ ಗಾತ್ರದ್ದು, ಕಾಂಗರೂವಿನ ದೂರದ ನೆಂಟ. ಅದರ ಮರಿ ಹುಟ್ಟುವಾಗ ಅವರೆಕಾಳಿನಷ್ಟಿರುತ್ತದೆ. ಕಣ್ಣು ಬಿಟ್ಟಿರುವುದಿಲ್ಲ, ಕೂದಲಿರುವುದಿಲ್ಲ, ರೋಗ ತಡೆಯುವ ಶಕ್ತಿಯೂ ಇರುವುದಿಲ್ಲ. ತೆವಳಿಕೊಂಡು ತಾಯಿಯ ಹೊಟ್ಟೆಚೀಲ ಸೇರಿ, ಅಲ್ಲೇ ಆ ಶಕ್ತಿ ಬೆಳೆಸಿಕೊಳ್ಳುತ್ತದೆ. ಎಷ್ಟನೇ ದಿನಕ್ಕೆ? ಕೃಷ್ಣಮೂರ್ತಿಪುರಂನಿಂದ ಬಸ್ಸಿನಲ್ಲಿ ಬರುವಾಗಲೂ ನನಗೆ ಅದೇ ಯೋಚನೆ, ಅಮ್ಮ ಸಾರು ಬಡಿಸುವಾಗಲೂ ಅದೇ.

ಆಸ್ಟ್ರೇಲಿಯಾದ ಸಂಶೋಧಕಿಯೊಬ್ಬರು ನಾಲ್ಕು ಮರಿಗಳ ಥೈಮಸ್ ಗ್ರಂಥಿಯನ್ನು ಮೇಣದಲ್ಲಿ ಹುದುಗಿಸಿ ಕಳಿಸಿದ್ದರು. ಎರಡು, ಐದು, ಎಂಟು, ಹನ್ನೆರಡು ದಿನದ ಮರಿಗಳು. ಮೈಗೆ ಕಾವಲಿರುವ ಟಿ ಕೋಶಗಳು ತಯಾರಾಗುವುದು ಈ ಗ್ರಂಥಿಯಲ್ಲಿ. ನಮ್ಮ ಹತ್ತಿರ ಇದ್ದದ್ದು ಮನುಷ್ಯರ ಟಿ ಕೋಶಕ್ಕೆ ಅಂಟಿಕೊಳ್ಳುವ ಆಂಟಿಬಾಡಿ. ಪಾಸಮ್ಮಿನ ವಂಶವೂ ನಮ್ಮದೂ ಬೇರೆಯಾಗಿ ಹತ್ತು ಕೋಟಿ ವರ್ಷದ ಮೇಲಾಗಿದೆ. ಅಷ್ಟು ದೂರದ ನೆಂಟನ ಗುರುತು ಅದಕ್ಕೆ ಸಿಕ್ಕೀತೇ? ಸಿಕ್ಕರೆ ಕೋಶ ಕಂದು ಬಣ್ಣಕ್ಕೆ ತಿರುಗುತ್ತದೆ.

ವಿಧಾನ ಹೊಂದಿಸುವುದರಲ್ಲೇ ಗ್ರಂಥಿಯೆಲ್ಲ ಖರ್ಚಾಗಿ, ಕೊನೆಗೆ ವಯಸ್ಸಿಗೊಂದರಂತೆ ನಾಲ್ಕು, ಹೋಲಿಕೆಗೆ ಒಂದು, ಇಷ್ಟೇ ಸ್ಲೈಡ್ ಉಳಿದವು. ಗ್ರಂಥಿಯನ್ನು ತೆಳ್ಳಗೆ ಕತ್ತರಿಸಿ ಗಾಜಿನ ಸ್ಲೈಡಿಗೆ ಅಂಟಿಸಿಕೊಟ್ಟವರು ದೇವಿರಮ್ಮ, ಇಪ್ಪತ್ತೈದು ವರ್ಷದಿಂದ ನಮ್ಮ ಲ್ಯಾಬಿನಲ್ಲಿ ಅದೇ ಕೆಲಸ ಮಾಡುತ್ತಿದ್ದವರು.

“ಪೆನ್ಸಿಲ್ಲಲ್ಲೇ ಬರಿ ಕಣಮ್ಮ,” ಅಂದರು.

ಮೈ ಉರಿಯಿತು. ‘ಅಳಿಸುವುದಿಲ್ಲ’ ಎಂದು ಮೈಮೇಲೇ ಬರೆದುಕೊಂಡಿದ್ದ ನನ್ನ ಹೊಸ ಪೆನ್ನಿನಿಂದ ಸ್ಲೈಡಿನ ಅಂಚಿನಲ್ಲಿ ಮರಿಗಳ ದಿನಗಳನ್ನು ಬರೆದೆ.

ಮೇಣ ಕರಗಿಸಲು ಸ್ಲೈಡುಗಳನ್ನು ಝೈಲೀನ್ ಎಂಬ ದ್ರಾವಕದಲ್ಲಿ ಅದ್ದುತ್ತೇವೆ. ಮೇಣದ ಜೊತೆ ಶಾಯಿಯೂ ಕರಗಿತು. ನನಗೆ ಗೊತ್ತಾದದ್ದು ಮರುದಿನ, ಎಲ್ಲ ಮುಗಿದ ಮೇಲೆ. ಮೊದಲು ಕಂಡದ್ದು ಬಣ್ಣ. ಮೂರು ಸ್ಲೈಡಿನಲ್ಲಿ ಕಂದು! ಆಂಟಿಬಾಡಿ ಹಾಕದೆ ಹೋಲಿಕೆಗೆಂದು ಬೇರೆಯಾಗಿಟ್ಟಿದ್ದ ಸ್ಲೈಡಿನಲ್ಲಿ ಕಂದು ಇರಲೇ ಇಲ್ಲ, ಅಂದರೆ ಇದು ಸುಳ್ಳು ಬಣ್ಣವಲ್ಲ. ಕುಣಿಯುವಷ್ಟು ಖುಷಿಯಾಯಿತು. ಯಾವ ದಿನದ್ದು ಎಂದು ನೋಡಲು ಸ್ಲೈಡಿನ ಅಂಚಿಗೆ ಕಣ್ಣು ಹಾಯಿಸಿದರೆ, ಬರೀ ಗಾಜು. ನಾಲ್ಕರಲ್ಲೂ ಶಾಯಿಯ ಗುರುತಿರಲಿಲ್ಲ.

ಅವತ್ತೇ ಮಧ್ಯಾಹ್ನ ನನ್ನ ಗೈಡ್ ಸುದರ್ಶನ ಅವರಿಗೆ ಫಲಿತಾಂಶ ಕೊಡಬೇಕಿತ್ತು. ಹೈದರಾಬಾದಿನ ಸಮ್ಮೇಳನಕ್ಕೆ ಸಾರಾಂಶ ಬರೆದು, ಎಷ್ಟನೇ ದಿನ ಎಂಬಲ್ಲಿ ಮಾತ್ರ ಜಾಗ ಬಿಟ್ಟಿದ್ದರು. ಮೂರು ವರ್ಷ ದುಡಿದದ್ದು ಆ ಒಂದು ಸಂಖ್ಯೆಗಾಗಿ.

ಸ್ಲೈಡುಗಳನ್ನು ಮೇಜಿನ ಮೇಲೆ ಸಾಲಿಟ್ಟೆ. ಕಂದು ಇಲ್ಲದ್ದು ಎರಡನೇ ದಿನದ್ದು, ಒಂದಿಷ್ಟು ಇರುವುದು ಐದನೇ ದಿನದ್ದು, ಹೀಗೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತು! ಉತ್ತರ, ಐದನೇ ದಿನ.

“ಏನ್ ನೋಡಿ ಸಾಲಿಟ್ಟೆ?” ಹಿಂದೆ ದೇವಿರಮ್ಮ ನಿಂತಿದ್ದರು.

“ಬಣ್ಣ ನೋಡಿ.”

“ಬಣ್ಣ ನೋಡಿ ವಯಸ್ಸು ಹೇಳ್ಬುಟ್ಟು, ಆಮೇಲೆ ಆ ವಯಸ್ಸಿಗೆ ಇಷ್ಟು ಬಣ್ಣ ಅಂತೀಯಾ?”

ಅವರ ಮೇಲೆ ರೇಗಿದೆ. ರೇಗಿದ್ದು ಅವರು ಹೇಳಿದ್ದು ಸರಿ ಎಂಬ ಕಾರಣಕ್ಕೆ. ಮರಿ ಬೆಳೆದಂತೆ ಗ್ರಂಥಿಯೂ ಬೆಳೆಯುತ್ತದೆ, ಅದರ ಗಾತ್ರ ಅಳೆದು ನೋಡೋಣ ಎಂದುಕೊಂಡೆ. ಆದರೆ ತುದಿಯಲ್ಲಿ ಕುಯ್ದರೆ ದೊಡ್ಡ ಗ್ರಂಥಿಯೂ ಚಿಕ್ಕದಾಗಿಯೇ ಕಾಣುತ್ತದೆ. ಆದರೂ ಅಳೆದೆ. ಹೆಚ್ಚು ಕಂದು ಇದ್ದದ್ದೇ ಎಲ್ಲಕ್ಕಿಂತ ಚಿಕ್ಕದು! ಅದು ಎರಡನೇ ದಿನದ್ದೇ ಇರಬಹುದೇ? ಹಾಗಿದ್ದರೆ ನಾವು ಅಂದುಕೊಂಡದ್ದೆಲ್ಲ ತಲೆಕೆಳಗು. ತಿಳಿಯುವ ದಾರಿಯೇ ಇರಲಿಲ್ಲ.

ಸ್ಲೈಡುಗಳನ್ನು ಸುದರ್ಶನ ಸರ್ ಕೋಣೆಗೆ ಒಯ್ದು, ಅವರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಪೆನ್ನು, ಸಾಲು, ಐದನೇ ದಿನ ಅನ್ನಲು ಹೊರಟಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ.

“ನೀನು ಹೇಳ್ದೇ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತೇನಮ್ಮ?”

“ಇಲ್ಲ ಸರ್.”

ಅವರು ಹಾಳೆ ಎಳೆದುಕೊಂಡು ದಿನದ ಆ ಸಾಲನ್ನೇ ಹೊಡೆದುಹಾಕಿದರು. ಕೆಳಗೆ ಉಳಿದದ್ದು ಒಂದೇ ಸಾಲು: ಮನುಷ್ಯರ ಟಿ ಕೋಶದ ಆಂಟಿಬಾಡಿ ಪಾಸಮ್ ಮರಿಯ ಕೋಶವನ್ನೂ ಗುರುತಿಸುತ್ತದೆ.

“ಈ ಸಾಲು ನಿಜಾನಾ?”

“ನಿಜ ಸರ್.”

ಸ್ಲೈಡುಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ನನ್ನ ಮಾತೇ ಸಾಕೆಂಬಂತೆ ಹಾಳೆಯ ಕೊನೆಯಲ್ಲಿ ತಮ್ಮ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.