ಯಾರೆಲಿಗೊಂದು ಹಲಗೆ

ಮಾರಿಕ್ರೂಸ್ ತಂದ ಚಿತ್ರವನ್ನು ದೊನ್ಯಾ ತೋಮಾಸ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಒಂದು ಮಗು, ಒಂದು ಮೇಜು, ಮಗುವಿನ ಕೈಯಲ್ಲಿ ಚಮಚ.

"ಅಲ್ಲಮ್ಮಾ, ಈ ಮಗು ಒಂದೇ ಉಣ್ತಾ ಕೂತಿದೆಯಲ್ಲ, ಮನೆಯವರೆಲ್ಲ ಎಲ್ಲಿ ಹಾಳಾಗಿ ಹೋದ್ರು?"

ಮಾರಿಕ್ರೂಸ್‌ಗೆ ನಗು ತಡೆಯಲಾಗಲಿಲ್ಲ. ಮಕ್ಕಳ ಕೈಗೆ ದಿನನಿತ್ಯದ ಕೆಲಸ ಕಲಿಸುವುದೇ ಅವಳ ಉದ್ಯೋಗ. ತೋಮಾಸಳ ಮೊಮ್ಮಗಳು, ಐದು ವರ್ಷದ ಯಾರೆಲಿಯ ಬೆರಳುಗಳಿಗೆ ಹುಟ್ಟಿನಿಂದಲೂ ಬಲ ಸಾಲದು. ತಾನೇ ಉಣ್ಣಲಾರದ ಮಗುವನ್ನು ಆಗಸ್ಟಿನಲ್ಲಿ ಸೇರಿಸಿಕೊಳ್ಳುವುದಿಲ್ಲವೆಂದು ಶಾಲೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಅಜ್ಜಿಗೂ ಅದೇ ಚಿಂತೆ. ಆದರೇನು, ಟೋರ್ಟಿಯಾ ರೊಟ್ಟಿ ಮುರಿದು, ಬೆಂದ ಕಾಳು ಬಳಿದು ಮೊಮ್ಮಗಳ ಬಾಯಿಗಿಡದೆ ಅವಳಿಗೆ ತನ್ನ ಊಟ ಗಂಟಲಲ್ಲಿ ಇಳಿಯದು.

"ಹೋಗ್ಲಿ ಬಿಡಿ. ಸಂಜೆ ಎಲ್ಲ ಸೇರಿ ಏನು ಮಾಡ್ತೀರಿ ಅಜ್ಜಿ?"

"ಲೊತೆರಿಯಾ ಆಡ್ತೀವಿ. ನಾನೇ ಗೆಲ್ತೀನಿ."

"ಯಾರೆಲಿ?"

"ನನ್ನ ತೊಡೆ ಮೇಲೆ ಕೂತು ನೋಡ್ತಾಳೆ."

"ಇವತ್ತು ಅವಳಿಗೂ ಒಂದು ಚಿತ್ರದ ಹಲಗೆ ಕೊಡಿ. ಚೀಟಿ ಎತ್ತಿ ನಾನು ಕೂಗ್ತೀನಿ."

ಕೂಗಿದ ಚಿತ್ರ ತನ್ನ ಹಲಗೆಯಲ್ಲಿದ್ದರೆ ಅದರ ಮೇಲೊಂದು ಕಾಳು. ಸಾಲು ತುಂಬಿದವರು ಮೊದಲು 'ಲೊತೆರಿಯಾ' ಎಂದು ಕೂಗಿದರೆ ಗೆಲುವು. ಒಬ್ಬರ ಹಲಗೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಸತ್ತ ಗಂಡನ ಕಳ್ಳಾಟಕ್ಕೆ ರೋಸಿ ತೋಮಾಸಳೇ ಮಾಡಿದ ಕಾನೂನದು.

"ಹುಂಜ!"

ಯಾರೆಲಿಯ ಕಾಳು ಜಾರಿ ಬಿತ್ತು. ಅಜ್ಜಿಯ ಕೈ ಚಾಚಿತು.

"ಅಜ್ಜೀ, ಮುಟ್ಟಬಾರ್ದು! ನೀನೇ ಹೇಳಿದ್ದು!"

ಎಲಾ ಇವಳ! ತೋಮಾಸ ಎಡಗೈಯನ್ನು ತೊಡೆಯಡಿ ಒತ್ತಿಕೊಂಡು ಕೂತಳು. ಯಾರೆಲಿ ಬಿದ್ದ ಕಾಳನ್ನು ಹೆಕ್ಕಿದಳು, ಬೀಳಿಸಿದಳು, ಮತ್ತೆ ಹೆಕ್ಕಿದಳು. ಮಾರಿಕ್ರೂಸ್ ಅವಸರ ಮಾಡದೆ ಕಾದಳು. ಆಟ ಸಾಗಿತು. ಕೊನೆಗೆ ಅಜ್ಜಿ ಮೊಮ್ಮಗಳಿಬ್ಬರ ಸಾಲಿನಲ್ಲೂ ಒಂದೊಂದೇ ಮನೆ ಖಾಲಿ ಉಳಿಯಿತು.

"ಚಂದ್ರ!"

ಚಂದ್ರ ಇಬ್ಬರ ಹಲಗೆಯಲ್ಲೂ ಇದ್ದ. ತೋಮಾಸಳ ಕಾಳು ಬೆರಳ ತುದಿಯಲ್ಲೇ ಇತ್ತು. ಆದರೆ ಅವಳ ಕಣ್ಣು ಆ ಎರಡು ಪುಟ್ಟ ಬೆರಳುಗಳ ಮೇಲೆ. ಹಿಡಿಯುತ್ತವೋ, ಬಿಡುತ್ತವೋ? ಗೆಲ್ಲುವುದೇ ಅವಳಿಗೆ ಮರೆತುಹೋಯಿತು.

"ಲೊತೆರಿಯಾ!" ಯಾರೆಲಿ ಕಿರುಚಿದಳು.

"ಕಾಳು ಗೆರೆ ಮೇಲಿದೆ. ಇದೆಲ್ಲ ನಡೆಯಲ್ಲ," ಎನ್ನುತ್ತ ಅಜ್ಜಿ ಅಂಗಿಯ ಹೆಗಲಿಗೆ ಕಣ್ಣೊರೆಸಿಕೊಂಡಳು.

ಊಟಕ್ಕೆ ಕೂತಾಗ ತುತ್ತು ಹಿಡಿದ ಅವಳ ಕೈ ಅಭ್ಯಾಸಬಲದಿಂದ ಮೊಮ್ಮಗಳ ಕಡೆ ಹೋಯಿತು, ಅರ್ಧದಲ್ಲೇ ನಿಂತಿತು. ಅಷ್ಟರಲ್ಲಿ ಯಾರೆಲಿ ಟೋರ್ಟಿಯಾದ ಚೂರೊಂದನ್ನು ಎರಡು ಬೆರಳಲ್ಲಿ ಹಿಡಿದು, ಕಾಳಿನಲ್ಲಿ ಅದ್ದಿ, ಮೇಜಿನುದ್ದಕ್ಕೂ ಸುರಿಸುತ್ತ ತಂದಳು.

"ಆ ಅನ್ನು, ಅಜ್ಜಿ."

ತೋಮಾಸ ಬಾಯಿ ತೆರೆದಳು.